ಮನೆವಾರ್ತೆಯ ಮಂತ್ರಗಳು

೧

ಮಂತ್ರವೆಂಬ ಮಾತು ಕಿವಿಗೆ ಬಿದ್ದೊಡನೆ ನಮ್ಮ ಮನಸ್ಸು ಎರಡು ಕಡೆಗೆ ಓಡುತ್ತದೆ: ಒಂದು ಯಜ್ಞಶಾಲೆಯ ಕಡೆಗೆ, ಇನ್ನೊಂದು ಮಾಟಗಾರನ ಮನೆಯ ಕಡೆಗೆ. ಮೊದಲನೆಯದಕ್ಕೆ ಕೈಮುಗಿಯುತ್ತೇವೆ, ಎರಡನೆಯದಕ್ಕೆ ಹೆದರುತ್ತೇವೆ. ಇವೆರಡರ ನಡುವೆ ಅಡಿಗೆಮನೆಯಲ್ಲಿ, ಹೊಸಿಲಿನಲ್ಲಿ, ಹೊಲದ ಬದುವಿನಲ್ಲಿ, ಕಣದಲ್ಲಿ ದಿನದಿನವೂ ಆಡುವ ಸಣ್ಣ ಮಂತ್ರಗಳು ಎಷ್ಟೋ ಇವೆ. ಅವಕ್ಕೆ ಋಷಿಯಿಲ್ಲ, ಛಂದಸ್ಸಿಲ್ಲ, ದಕ್ಷಿಣೆಯಿಲ್ಲ. ಆಡುವವರು ಕೂಡ ಅವನ್ನು ಮಂತ್ರವೆಂದು ಕರೆಯುವುದಿಲ್ಲ. ಮಗುವಿಗೆ ದೃಷ್ಟಿ ತೆಗೆಯುವ ತಾಯಿ, ರಾಶಿ ಅಳೆಯುವ ಒಕ್ಕಲಿಗ, ಬಾಗಿಲ ಮೇಲೆ ಎರಡು ಮಾತು ಬರೆಯುವ ಮನೆಯಾತ, ಇವರ ನುಡಿಯನ್ನು ಸಾಹಿತ್ಯವೆಂದು ಓದಬಹುದೆ? ಓದಬಹುದಾದರೆ ಅದರ ಗುಣದೋಷಗಳನ್ನು ಯಾವ ಒರೆಗಲ್ಲಿಗೆ ಹಚ್ಚಿ ನೋಡಬೇಕು? ಇದನ್ನು ವಿವೇಚಿಸುವುದೇ ಈ ಬರಹದ ಉದ್ದೇಶ.

ಈ ವಿಚಾರಕ್ಕೆ ಹಾಲಹರವಿಯ ಸೀಮೆ ತಕ್ಕ ನೆಲವಾಗಿದೆ. ೧೯೫೩ರ ಅಕ್ಟೋಬರ್ ೧ರಂದು ಹಳೆಯ ಬಳ್ಳಾರಿ ಜಿಲ್ಲೆ ಒಡೆದು, ಆಲೂರು, ಆದವಾನಿ, ರಾಯದುರ್ಗ ತಾಲ್ಲೂಕುಗಳು ಆಂಧ್ರ ರಾಜ್ಯಕ್ಕೆ ಸೇರಿದವು. ಆಲೂರು, ಆದವಾನಿಗಳು ಕರ್ನೂಲು ಜಿಲ್ಲೆಯ ಪಾಲಾದವು. ಕಚೇರಿಯ ಭಾಷೆ ತೆಲುಗಾಯಿತು. ಬಹಳ ಮನೆಗಳಲ್ಲಿ ಒಲೆಯ ಮುಂದಿನ ಭಾಷೆ ಕನ್ನಡವಾಗಿಯೇ ಉಳಿಯಿತು. ಎರೆಹೊಲ, ಜೋಳ, ಹತ್ತಿ, ನಂಬಲಾಗದ ಮಳೆ: ಇವು ಇಲ್ಲಿಯ ಬದುಕಿನ ಸಾಮಗ್ರಿ. ಮಂತ್ರ ಹುಟ್ಟುವುದು ಇಂಥ ಕಡೆಯೇ.

ಈ ಪ್ರಾಂತದ ದೊಡ್ಡ ಆಚರಣೆಗಳನ್ನು ಎಲ್ಲರೂ ಬಲ್ಲರು. ಹೊಳಗುಂದ ಮಂಡಲದ ದೇವರಗಟ್ಟಿನಲ್ಲಿ ದಸರೆಯ ರಾತ್ರಿ ಮಾಳ ಮಲ್ಲೇಶ್ವರನ ಉತ್ಸವದಲ್ಲಿ ಬಡಿಗೆಗಳು ಒಂದಕ್ಕೊಂದು ತಾಗುತ್ತವೆ. ಆಸ್ಪರಿ ಮಂಡಲದ ಕೈರುಪ್ಪಲದಲ್ಲಿ ಯುಗಾದಿಯ ಮರುದಿನ ಊರು ಎರಡು ಪಾಳಯವಾಗಿ ಕುಳ್ಳು ಎಸೆದಾಡುತ್ತದೆ. ಅವು ವೃತ್ತಪತ್ರಿಕೆಗಳಲ್ಲಿ ಬರುತ್ತವೆ. ನಾವು ಹೇಳಹೊರಟಿರುವುದು ವೃತ್ತಪತ್ರಿಕೆಗೆ ಬಾರದವುಗಳ ಮಾತು.

೨

ಈ ಮಂತ್ರಗಳ ವಿಷಯದಲ್ಲಿ ನಮ್ಮ ವಿದ್ಯಾವಂತರ ನಿಲವು ಸಾಮಾನ್ಯವಾಗಿ ಎರಡು ಬಗೆಯದು. ಮೊದಲನೆಯವರು ‘ಇದು ಮೂಢನಂಬಿಕೆ’ ಎಂದು ಕೈತೊಳೆದುಕೊಳ್ಳುತ್ತಾರೆ. ಎರಡನೆಯವರು ‘ಇದರಲ್ಲಿ ವಿಜ್ಞಾನ ಅಡಗಿದೆ’ ಎಂದು ಸಮರ್ಥನೆಗೆ ನಿಲ್ಲುತ್ತಾರೆ. ಒಬ್ಬರು ತೆಗಳುವರು, ಇನ್ನೊಬ್ಬರು ಹೊಗಳುವರು. ಆದರೆ ಇಬ್ಬರೂ ಮಾಡುವ ತಪ್ಪು ಒಂದೇ. ಇಬ್ಬರೂ ಮಂತ್ರವನ್ನು ಔಷಧವೆಂದು ಭಾವಿಸಿ, ಅದು ಕೆಲಸ ಮಾಡುತ್ತದೆಯೇ ಇಲ್ಲವೇ ಎಂದು ಕೇಳುತ್ತಾರೆ. ಅದು ಮಾತು, ಕಟ್ಟಿದ ಮಾತು, ಎಂಬುದನ್ನು ಇಬ್ಬರೂ ಮರೆಯುತ್ತಾರೆ. ‘ಆ ಕಮಲಮುಖಿ ನಿಜವಾಗಿ ಕಮಲದಂತಿದ್ದಳೆ?’ ಎಂದು ಯಾರೂ ಕಾವ್ಯವನ್ನು ಕೇಳುವುದಿಲ್ಲ; ಆ ಉಪಮೆ ಅಲ್ಲಿ ಏನು ಮಾಡುತ್ತಿದೆ ಎಂದು ಕೇಳುತ್ತೇವೆ. ಮನೆಯ ಮಂತ್ರವನ್ನೂ ಹಾಗೆಯೇ ಕೇಳಬೇಕೆಂಬುದು ನಮ್ಮ ಮತ.

ಇದಕ್ಕೆ ಅಡ್ಡಿಯಾಗಿರುವುದು ಒಂದು ಹಳೆಯ ತಿರಸ್ಕಾರ. ಯುರೋಪಿನಲ್ಲಿ ಕ್ರೈಸ್ತಮತಕ್ಕೆ ಮುಂಚಿನ ದೇವತೆಗಳನ್ನೂ ಆಚರಣೆಗಳನ್ನೂ ‘ಪೇಗನ್’ ಎಂದು ಕರೆದರು. ಅದರ ಮೂಲವಾದ ಲ್ಯಾಟಿನ್ ಶಬ್ದಕ್ಕೆ ಮೊದಲಿದ್ದ ಅರ್ಥ ಹಳ್ಳಿಯವನು ಎಂದು. ನಮ್ಮಲ್ಲಿಯೂ ಗ್ರಾಮಕ್ಕೆ ಸೇರಿದ್ದು ಎಂಬ ಅರ್ಥದ ‘ಗ್ರಾಮ್ಯ’ ಶಬ್ದ ಅಲಂಕಾರಶಾಸ್ತ್ರದಲ್ಲಿ ಒಂದು ದೋಷದ ಹೆಸರಾಗಿ ಕುಳಿತಿದೆ. ಎರಡು ಖಂಡಗಳಲ್ಲಿ ಹಳ್ಳಿಯ ಹೆಸರೇ ನಿಂದೆಯ ಹೆಸರಾಯಿತು. ಆದರೆ ಅದೇ ಶಾಸ್ತ್ರಪರಂಪರೆಗೆ ಸೇರಿದ ಒಂಬತ್ತನೆಯ ಶತಮಾನದ ಕವಿರಾಜಮಾರ್ಗ, ಈ ನಾಡಿನ ಜನ ಓದದೆಯೂ ಕಾವ್ಯಪ್ರಯೋಗದಲ್ಲಿ ನುರಿತವರೆಂದು ಹೊಗಳಿದೆ. ಆ ಹೊಗಳಿಕೆಯನ್ನು ನಾವು ಸಭೆಗಳಲ್ಲಿ ಹೆಮ್ಮೆಯಿಂದ ಹೇಳುತ್ತೇವೆ. ಓದದವರ ಆ ಪ್ರಯೋಗ ಎಲ್ಲಿದೆ ಎಂದು ಹುಡುಕುವುದು ಅಪರೂಪ. ೧೯೩೧ರಲ್ಲಿ ಹಲಸಂಗಿಯ ಗೆಳೆಯರು ‘ಗರತಿಯ ಹಾಡು’ ಹೊರತಂದ ಮೇಲೆ ಹಳ್ಳಿಯ ಹಾಡಿಗೆ ಸಾಹಿತ್ಯದ ಪಂಕ್ತಿಯಲ್ಲಿ ಎಲೆ ಹಾಕಿದ್ದಾಯಿತು. ಗಾದೆ ಒಗಟುಗಳೂ ಪಾಠಪುಸ್ತಕಕ್ಕೆ ಬಂದವು. ರಾಗವಿಲ್ಲದೆ, ಪ್ರಾಸವಿಲ್ಲದೆ, ಕೆಲಸದ ನಡುವೆ ಆಡಿ ಮರೆಯುವ ಮಾತುಗಳು ಮಾತ್ರ ಇನ್ನೂ ಬಾಗಿಲಲ್ಲೇ ನಿಂತಿವೆ.

೩

ಎಲ್ಲಕ್ಕಿಂತ ಚಿಕ್ಕವುಗಳಿಂದ ತೊಡಗೋಣ. ಮನೆಯಿಂದ ಹೊರಡುವವನು ‘ಹೋಗುತ್ತೇನೆ’ ಎನ್ನುವುದಿಲ್ಲ, ‘ಹೋಗಿ ಬರುತ್ತೇನೆ’ ಎನ್ನುತ್ತಾನೆ. ಮರೆತು ಮೊದಲನೆಯದನ್ನು ಆಡಿದರೆ ಹಿರಿಯರು ತಿದ್ದುತ್ತಾರೆ. ದೀಪವನ್ನು ಆರಿಸು ಎನ್ನದೆ ದೊಡ್ಡದು ಮಾಡು ಅಥವಾ ಶಾಂತ ಮಾಡು ಎನ್ನುವ ಮನೆಗಳುಂಟು. ಇರುಳಿನಲ್ಲಿ ಹಾವಿನ ಹೆಸರು ಎತ್ತಬಾರದು, ಅದು ‘ಹುಳ’. ರಾಶಿ ಅಳೆಯುವಾಗ ಮೊದಲ ಅಳತೆಯನ್ನು ‘ಒಂದು’ ಎನ್ನದೆ ‘ಲಾಭ’ ಎನ್ನುವ ವಾಡಿಕೆ ಕನ್ನಡದಲ್ಲೂ ತೆಲುಗಿನಲ್ಲೂ ಇದೆ. ಸಿಡುಬು ಬಂದ ಮನೆಯಲ್ಲಿ ‘ಅಮ್ಮ ಬಂದಿದ್ದಾಳೆ’ ಎನ್ನುತ್ತಿದ್ದರು. ಭಾರತದಲ್ಲಿ ಆ ರೋಗದ ಕೊನೆಯ ಪ್ರಕರಣಗಳು ಕಂಡದ್ದು ೧೯೭೫ರಲ್ಲಿ. ೧೯೮೦ರಲ್ಲಿ ಅದು ಲೋಕದಿಂದಲೇ ಅಳಿಯಿತೆಂದು ಸಾರಲಾಯಿತು. ರೋಗ ಹೋಯಿತು, ನುಡಿ ಉಳಿಯಿತು: ಸಣ್ಣ ಅಮ್ಮನಿಗೆ ಇಂದಿಗೂ ಅದೇ ಹೆಸರು.

ಇವುಗಳನ್ನು ಬರಿಯ ಶಿಷ್ಟಾಚಾರವೆಂದು ತಳ್ಳಿಹಾಕುವಂತಿಲ್ಲ. ಮಾತು ಆಡಿದರೆ ಏನೋ ನಡೆದೇ ತೀರುತ್ತದೆ ಎಂಬ ನಂಬುಗೆ ಇವೆಲ್ಲಕ್ಕೂ ಅಡಿಪಾಯ. ಆಂಗ್ಲ ದಾರ್ಶನಿಕ ಜೆ. ಎಲ್. ಆಸ್ಟಿನ್ ಎಂಬವರ ಉಪನ್ಯಾಸಗಳು ಅವರ ಮರಣಾನಂತರ ೧೯೬೨ರಲ್ಲಿ ಪುಸ್ತಕವಾಗಿ ಬಂದಾಗ, ಕೆಲವು ಮಾತುಗಳು ಸಂಗತಿಯನ್ನು ತಿಳಿಸುವುದಿಲ್ಲ, ಸಂಗತಿಯನ್ನು ಆಗಿಸುತ್ತವೆ ಎಂಬ ವಿಚಾರ ವಿದ್ವತ್ಸಭೆಗಳಲ್ಲಿ ಚರ್ಚೆಗೆ ಬಂತು. ‘ಮಾತು ಕೊಟ್ಟೆ’ ಎಂದಾಗ ಕೊಡುವ ಕೆಲಸ ಆ ಮಾತಿನಲ್ಲೇ ಮುಗಿದಿರುತ್ತದೆ. ‘ಹೋಗಿ ಬರುತ್ತೇನೆ’ ಎಂಬುದು ಈ ಜಾತಿಯದು. ಅದು ಭವಿಷ್ಯವನ್ನು ವರ್ಣಿಸುವುದಿಲ್ಲ. ಹೊಸಿಲು ದಾಟುವ ಮುನ್ನವೇ ಹಿಂತಿರುಗುವ ಹೆಜ್ಜೆಯನ್ನು ವಾಕ್ಯದೊಳಗೆ ಇಟ್ಟುಬಿಡುತ್ತದೆ. ಇಲ್ಲಿ ‘ಹೋಗಿ’ ಎಂಬ ಪದಕ್ಕೆ ಕ್ರಿಯಾಪದದ ಪೂರ್ಣಪದವಿ ಇಲ್ಲ. ‘ಬರುತ್ತೇನೆ’ ಎಂಬುದಕ್ಕೆ ಅದು ಅಧೀನ. ವ್ಯಾಕರಣದ ಪಾಠದಲ್ಲಿ ಪೂರ್ವಕಾಲ ಕೃದಂತಾವ್ಯಯವೆಂದು ನಾವು ಕಲಿಸುವ ರೂಪವನ್ನು ನಮ್ಮ ಅಜ್ಜಿಯರು ರಕ್ಷೆಯಾಗಿ ಕಟ್ಟಿದ್ದಾರೆ. ಇದಕ್ಕಿಂತ ಹಗುರವಾದ ತಾಯಿತ ಇನ್ನೊಂದಿರಲಾರದು.

೪

ಇನ್ನು ದೃಷ್ಟಿ ತೆಗೆಯುವ ಮಾತು. ಮಗು ಹಾಲು ಕುಡಿಯದೆ ಅತ್ತರೆ, ಮದುವೆಯ ಊರಿನಿಂದ ಬಂದ ರಾತ್ರಿ ಮೈ ಬಿಸಿಯಾದರೆ, ತಾಯಿಯೋ ಅಜ್ಜಿಯೋ ಹಿಡಿಯಷ್ಟು ಹರಳುಪ್ಪು, ಒಣಮೆಣಸಿನಕಾಯಿ, ಸಾಸಿವೆ ತೆಗೆದುಕೊಂಡು ಮಗುವಿನ ಮುಂದೆ ಮೂರು ಸಲ ನಿವಾಳಿಸಿ ಒಲೆಗೆ ಹಾಕುತ್ತಾಳೆ. ಕೆಲವು ಕಡೆ ಕಸಬರಿಗೆಯ ಕಡ್ಡಿ, ಕೆಲವು ಕಡೆ ಹಳೆಯ ಚಪ್ಪಲಿ. ಉಪ್ಪು ಚಟಪಟ ಸಿಡಿಯುತ್ತದೆ. ಹರಳಿನೊಳಗೆ ಸಿಕ್ಕಿಕೊಂಡ ನೀರು ಆವಿಯಾಗಿ ಹರಳನ್ನು ಒಡೆಯುವುದರಿಂದ ಆಗುವ ಸದ್ದು ಅದು. ಅದಕ್ಕೆ ಯಾರ ಕಣ್ಣೂ ಕಾರಣವಲ್ಲ. ಇದನ್ನು ವಿಜ್ಞಾನದ ಉಪಾಧ್ಯಾಯರು ಹೇಳಲೇಬೇಕು. ಹೇಳಿದ ಮೇಲೂ ಉಳಿಯುವುದೊಂದಿದೆ. ಅದು ನಿವಾಳಿಸುವಾಗ ಬಾಯಲ್ಲಿ ಆಡುವ ಪಟ್ಟಿ.

ಆ ಪಟ್ಟಿ ಮನೆಯಿಂದ ಮನೆಗೆ ಬೇರೆಯಾದರೂ ಅದರ ಕಟ್ಟಡ ಹೆಚ್ಚುಕಡಮೆ ಒಂದೇ. ಬಂದವರ ಕಣ್ಣು, ಹೋದವರ ಕಣ್ಣು ಎಂದು ತೊಡಗಿ, ನೆರೆಯವರು, ಬೀದಿಯವರು, ನಂಟರು, ಇಷ್ಟರು, ಅನಿಷ್ಟರು ಎಂದು ಸುತ್ತು ಹಿರಿದಾಗುತ್ತದೆ. ಬಳಿಕ ಮತ್ತೆ ಕಿರಿದಾಗುತ್ತ ಮನೆಯೊಳಕ್ಕೆ ಬರುತ್ತದೆ. ಹಲವು ಮನೆಗಳಲ್ಲಿ ಅದು ಹೆತ್ತ ತಾಯಿಯ ಕಣ್ಣಿನವರೆಗೂ ಬಂದು ನಿಲ್ಲುತ್ತದೆ. ದೃಷ್ಟಿ ತೆಗೆಯುವವಳೇ ಆ ತಾಯಿ! ತನ್ನ ಮಗುವನ್ನು ಕಂಡು ತಾನೇ ಹಿಗ್ಗಿದ್ದೂ ಒಂದು ಅಪರಾಧವಾಗಿರಬಹುದೆಂದು ಆಕೆ ತನ್ನ ಹೆಸರನ್ನೂ ಬೆಂಕಿಗೆ ಒಪ್ಪಿಸುತ್ತಾಳೆ.

ಇದರ ಫಲವೇನು? ಪಟ್ಟಿಯಲ್ಲಿ ಎಲ್ಲರೂ ಇದ್ದಾರೆ. ಆದುದರಿಂದ ಯಾರ ಮೇಲೆಯೂ ಆಪಾದನೆಯಿಲ್ಲ. ಸಂಶಯವನ್ನು ಹಂಚಿ ಹಂಚಿ ಕೊನೆಗೆ ಏನೂ ಉಳಿಯದಂತೆ ಮಾಡುವ ಉಪಾಯವಿದು. ಮರುದಿನ ನೆರೆಮನೆಯವಳು ಬೆಂಕಿ ಕೇಳಲು ಬಂದರೆ ಬಾಗಿಲು ಮುಚ್ಚಬೇಕಾಗಿಲ್ಲ. ಹೋಲಿಕೆಗೆ, ಉತ್ತರದ ಲಾರಿಗಳ ಹಿಂಬದಿಯಲ್ಲಿ ಕಾಣುವ ಒಂದು ಹಿಂದಿ ಬರಹವನ್ನು ತೆಗೆದುಕೊಳ್ಳಬಹುದು: ಕೆಟ್ಟ ಕಣ್ಣಿನವನ ಮುಖ ಕಪ್ಪಾಗಲಿ ಎಂಬುದು ಅದರ ತಾತ್ಪರ್ಯ. ಅದಕ್ಕೆ ಪ್ರಾಸದ ಬಲವಿದೆ, ಚುರುಕಿದೆ. ಆದರೆ ಅದು ಎದುರಿಗೊಬ್ಬ ಕೇಡಿಗನನ್ನು ನಿಲ್ಲಿಸಿಕೊಂಡು ಶಪಿಸುತ್ತದೆ. ತಾಯಿಯ ಪಟ್ಟಿಯಲ್ಲಿ ಕೇಡಿಗನೇ ಇಲ್ಲ. ಕಾವ್ಯವಾಗಿ ಯಾವುದು ಮೇಲು ಎಂದು ಕೇಳಿದರೆ ನಾವು ತಾಯಿಯ ಕಡೆಗೇ ಕೈ ಎತ್ತುವೆವು.

ಪಟ್ಟಿ ಮಾಡುವುದೇ ಮಂತ್ರದ ಹಳೆಯ ಶೈಲಿ ಎಂಬುದನ್ನೂ ಇಲ್ಲಿ ನೆನೆಯಬೇಕು. ಜರ್ಮನಿಯ ಮೆರ್ಸೆಬುರ್ಗ್ ಎಂಬಲ್ಲಿ ೧೮೪೧ರಲ್ಲಿ ದೊರೆತ, ಹತ್ತನೆಯ ಶತಮಾನದ ಹಾಳೆಯೊಂದರಲ್ಲಿ ಉಳುಕಿದ ಕುದುರೆಯ ಕಾಲಿಗೆ ಹೇಳುವ ಮಂತ್ರವಿದೆ. ಎಲುಬಿಗೆ ಎಲುಬು, ನೆತ್ತರಿಗೆ ನೆತ್ತರು, ಕೀಲಿಗೆ ಕೀಲು ಸೇರಲೆಂದು ಅದು ಒಂದೊಂದನ್ನೇ ಹೆಸರಿಸುತ್ತದೆ. ಅಥರ್ವವೇದದಲ್ಲಿ ಮುರಿದ ಮೈಗೆ ಹೇಳುವ ಸೂಕ್ತವೂ ಇದೇ ರೀತಿಯಲ್ಲಿ ಮಜ್ಜೆಯನ್ನೂ ಚರ್ಮವನ್ನೂ ಮಾಂಸವನ್ನೂ ಜೊತೆಗೂಡಿಸುವುದನ್ನು ವಿದ್ವಾಂಸರು ಹತ್ತೊಂಬತ್ತನೆಯ ಶತಮಾನದಲ್ಲೇ ಗುರುತಿಸಿದರು. ಅಲ್ಲಿ ಪಟ್ಟಿ ಜೋಡಿಸುತ್ತದೆ. ನಮ್ಮ ಅಡಿಗೆಮನೆಯಲ್ಲಿ ಪಟ್ಟಿ ಬಿಡಿಸುತ್ತದೆ. ಉಪಕರಣ ಒಂದೇ, ಕೆಲಸ ಬೇರೆ.

೫

ಮೂರನೆಯ ಪಠ್ಯ ಎರಡೇ ಮಾತಿನದು: ‘ನಾಳೆ ಬಾ.’ ಕಳೆದ ಶತಮಾನದ ತೊಂಬತ್ತರ ದಶಕದಲ್ಲಿ ಕರ್ನಾಟಕದ ಎಷ್ಟೋ ಊರುಗಳ ಬಾಗಿಲ ಮೇಲೆ ಸುಣ್ಣದಿಂದಲೋ ಇದ್ದಲಿನಿಂದಲೋ ಈ ಬರಹ ಕಂಡಿತು. ಇರುಳಿನಲ್ಲಿ ಹೆಣ್ಣುದೆವ್ವವೊಂದು ಬಂದು ಮನೆಯವರ ದನಿಯಲ್ಲೇ ಕೂಗುತ್ತದೆ, ಬಾಗಿಲು ತೆರೆದವರು ಸಾಯುತ್ತಾರೆ ಎಂಬ ವದಂತಿ ಅದಕ್ಕೆ ಕಾರಣ. ದೆವ್ವ ಬರಹವನ್ನು ಓದಿ ಹಿಂತಿರುಗುತ್ತದೆ. ಮರುದಿನ ಬಂದು ಮತ್ತೆ ಓದುತ್ತದೆ. ನಾಳೆಯೆಂಬುದು ಎಂದಿಗೂ ಬಾರದು. ತೆಲುಗು ನಾಡಿನಲ್ಲಿಯೂ ಇದು ಪ್ರಸಿದ್ಧ. ಅಲ್ಲಿಯ ಬರಹ ‘ಓ ಸ್ತ್ರೀ, ರೇಪು ರಾ’ ಎಂದು. ೨೦೧೮ರಲ್ಲಿ ಈ ಕಥೆಯ ಎಳೆ ಹಿಡಿದು ‘ಸ್ತ್ರೀ’ ಎಂಬ ಹಿಂದಿ ಚಲನಚಿತ್ರವೂ ಬಂತು.

ಎರಡು ಭಾಷೆಗಳೂ ಕಿವಿಗೆ ಬೀಳುವ ಗಡಿಯಲ್ಲಿ ನಿಂತು ಈ ಎರಡು ಬರಹಗಳನ್ನು ಒಟ್ಟಿಗೆ ಓದಬಲ್ಲವರು ನಾವು. ತೆಲುಗಿನ ಬರಹ ಬಂದವಳು ಹೆಣ್ಣೆಂದು ಹೆಸರಿಸಿ ಕರೆಯುತ್ತದೆ. ಅದಕ್ಕೆ ನಾಟಕದ ಗುಣವಿದೆ. ಕನ್ನಡದ ಬರಹಕ್ಕೆ ಸಂಬೋಧನೆಯೇ ಇಲ್ಲ. ‘ಬಾ’ ಎಂಬ ವಿಧಿರೂಪಕ್ಕೆ ಲಿಂಗವಿಲ್ಲ. ಹೊರಗಿರುವುದು ಹೆಣ್ಣೋ ಗಂಡೋ ದೆವ್ವವೋ ಸಾಲಗಾರನೋ, ಆ ಮಾತು ಎಲ್ಲರಿಗೂ ಸಲ್ಲುತ್ತದೆ. ಇದರ ಚಮತ್ಕಾರ ಇನ್ನೊಂದಿದೆ. ‘ಹೋಗು’ ಎಂದು ಗದರಿಸುವುದಕ್ಕೆ ಬದಲಾಗಿ ಅದು ‘ಬಾ’ ಎಂದು ಆಹ್ವಾನಿಸುತ್ತದೆ. ಹೊರಡುವಾಗ ‘ಹೋಗಿ ಬರುತ್ತೇನೆ’ ಎನ್ನುವ ನಾಡು, ದೆವ್ವವನ್ನು ಕಳಿಸುವಾಗಲೂ ಮರ್ಯಾದೆ ತಪ್ಪಲಿಲ್ಲ. ಆ ದೆವ್ವವಾದರೂ ಎಂಥದು! ಕನ್ನಡ ಓದಬಲ್ಲದ್ದು, ಬರೆದ ಮಾತಿಗೆ ಕಟ್ಟುಬೀಳುವಂಥದ್ದು. ನಮ್ಮ ಸೀಮೆಯಲ್ಲಿ ಅದು ಯಾವ ಲಿಪಿಯನ್ನು ಮೊದಲು ಕಲಿತಿರಬಹುದೆಂದು ವಿದ್ಯಾರ್ಥಿಗಳು ಕೇಳಿದರೆ ಉಪಾಧ್ಯಾಯರು ನಕ್ಕು ಸುಮ್ಮನಾಗಬಹುದು.

ಗುಣವನ್ನು ಹೇಳಿದ ಮೇಲೆ ದೋಷವನ್ನೂ ಹೇಳಬೇಕು. ಬರಹ ಸಭ್ಯವಾದದ್ದು, ಅದರ ಹಿಂದಿನ ಕಥೆ ಹಾಗಿಲ್ಲ. ಇರುಳಿನಲ್ಲಿ ಬಾಗಿಲು ತಟ್ಟುವ ಹೆಣ್ಣನ್ನು ದೆವ್ವವಾಗಿಸುವ ಕಥೆ, ನಿಜವಾಗಿಯೂ ಆಸರೆ ಬೇಡಿ ಬಂದ ಹೆಣ್ಣಿಗೆ ಬಾಗಿಲು ತೆರೆಯದಂತೆ ಕೈಯನ್ನು ತಡೆಯಬಲ್ಲದು. ಮಂತ್ರದ ಪದಗಳು ಸೊಗಸಾಗಿವೆ ಎಂದು ಕಥೆಯನ್ನು ಕ್ಷಮಿಸಲಾಗದು.

ಹೆಸರಿಲ್ಲದವರನ್ನು ಮರ್ಯಾದೆಯಿಂದ ಕರೆಯುವ ಈ ಗುಣ ಹೊಲದ ಆಚರಣೆಯಲ್ಲಿ ಇನ್ನೂ ತಿಳಿಯಾಗಿ ಕಾಣುತ್ತದೆ. ಎಳ್ಳಮಾವಾಸ್ಯೆಯ ದಿನ ಎರೆಸೀಮೆಯ ಒಕ್ಕಲುಮಕ್ಕಳು ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತಾರೆ. ಬನ್ನಿಗಿಡದ ಬುಡದಲ್ಲಿ ಐದು ಕಲ್ಲಿಟ್ಟು ಪಾಂಡವರೆಂದು ಪೂಜಿಸುತ್ತಾರೆ. ಆಮೇಲೆ ಕಡುಬು ರೊಟ್ಟಿ ಪಲ್ಯಗಳನ್ನು ಕಲಸಿ ಹೊಲದ ಸುತ್ತ ಎರಚುತ್ತ ಹೋಗುವುದೇ ಚರಗ ಚೆಲ್ಲುವುದು. ಒಬ್ಬ ಕೂಗುತ್ತ ಚೆಲ್ಲಿದರೆ ಹಿಂದಿನವ ನೀರು ಚಿಮುಕಿಸುತ್ತ ಮರುಕೂಗು ಹಾಕುತ್ತಾನೆ. ಆ ಕೂಗಿನ ಪದಗಳು ಊರಿಂದೂರಿಗೆ ಬೇರೆ. ಕೆಲವಕ್ಕೆ ನಿಘಂಟಿನಲ್ಲಿ ಅರ್ಥವೇ ಸಿಗದು. ಉಣ್ಣುವವರು ಯಾರು? ಭೂಮಿತಾಯಿಯೆ, ಹಕ್ಕಿಯೆ, ಇರುವೆಯೆ, ಕಾಣದ ದೈವವೆ? ಚೆಲ್ಲುವವನು ವಿಚಾರಿಸಹೋಗುವುದಿಲ್ಲ. ಕ್ರಿಸ್ತಪೂರ್ವ ಎರಡನೆಯ ಶತಮಾನದ ರೋಮಿನ ಕೇಟೋ ಎಂಬಾತನ ಕೃಷಿಗ್ರಂಥದಲ್ಲಿ, ತೋಪಿನ ಮರ ಕಡಿಯುವ ಮುನ್ನ ಆಡಬೇಕಾದ ಪ್ರಾರ್ಥನೆಯೊಂದಿದೆ. ಇಲ್ಲಿಯ ದೈವ ಗಂಡಾಗಿರಲಿ ಹೆಣ್ಣಾಗಿರಲಿ ಅದಕ್ಕೆ ಈ ಮಾತು ಸಲ್ಲಲಿ ಎಂಬ ಎಚ್ಚರ ಅದರಲ್ಲಿದೆ. ಆ ‘ಪೇಗನ್’ ಒಕ್ಕಲಿಗನಿಗೂ ನಮ್ಮ ಒಕ್ಕಲಿಗನಿಗೂ ನಡುವೆ ಎರಡು ಸಾವಿರ ವರ್ಷಗಳೂ ಸಮುದ್ರಗಳೂ ಇವೆ. ಆದರೂ ನೆಲದ ಮುಂದೆ ನಿಂತಾಗ ಇಬ್ಬರಿಗೂ ಒಂದೇ ಸಂಕೋಚ: ಇದು ನನ್ನೊಬ್ಬನದಲ್ಲ.

ಮಳೆ ಹೋದ ವರ್ಷ ಗುರ್ಚಿ ಹೊರಡುವುದೂ ಈ ಬಳಗಕ್ಕೆ ಸೇರಿದ್ದು. ರೊಟ್ಟಿಯ ಹಂಚನ್ನು ಬೋರಲು ಹೊತ್ತು, ಅದರ ಮೇಲೆ ಸಗಣಿಯ ಗುರ್ಚಿಯನ್ನಿಟ್ಟು ಕರಿಕೆ ಸಿಕ್ಕಿಸಿ, ಹುಡುಗರು ಮನೆಮನೆಗೆ ಬರುತ್ತಾರೆ. ಹೆಂಗಸರು ಕೊಡ ನೀರು ಸುರಿದು ಮೊರದಲ್ಲಿ ಜೋಳವನ್ನೋ ಹಿಟ್ಟನ್ನೋ ನೀಡುತ್ತಾರೆ. ೧೮೯೦ರಲ್ಲಿ ಬೃಹದ್ಗ್ರಂಥವೊಂದನ್ನು ಪ್ರಕಟಿಸಲು ತೊಡಗಿದ ಫ್ರೇಜರ್ ಎಂಬ ಪಂಡಿತ, ಇಂಥವನ್ನು ‘ಸಮಾನವು ಸಮಾನವನ್ನು ಹುಟ್ಟಿಸುತ್ತದೆ’ ಎಂಬ ತಪ್ಪು ತರ್ಕದ ಫಲವೆಂದು ವಿವರಿಸಿದ. ತಲೆಯ ಮೇಲೆ ನೀರು ಬಿದ್ದರೆ ಹೊಲದ ಮೇಲೆಯೂ ಬೀಳುತ್ತದೆಂಬ ತರ್ಕ ಅದು. ಆದರೆ ಪೆಸಿಫಿಕ್ ಸಾಗರದ ಟ್ರೋಬ್ರಿಯಾಂಡ್ ದ್ವೀಪಗಳಲ್ಲಿ ಬಾಳಿ ಬಂದ ಮ್ಯಾಲಿನೋವ್‌ಸ್ಕಿ ಬೇರೊಂದನ್ನು ಕಂಡ. ಅಲ್ಲಿಯವರು ಅಪಾಯವಿಲ್ಲದ ಒಳಗಡಲಿನಲ್ಲಿ ಮೀನು ಹಿಡಿಯಲು ಮಂತ್ರ ಹೇಳುತ್ತಿರಲಿಲ್ಲ. ತೆರೆದ ಕಡಲಿಗೆ ಹೊರಟಾಗ ಹೇಳುತ್ತಿದ್ದರು. ಕೈಯ ಕಸುಬು ಮುಗಿದು ಅದೃಷ್ಟ ಆರಂಭವಾಗುವ ಗೆರೆಯ ಮೇಲೆ ಮಂತ್ರ ಹುಟ್ಟುತ್ತದೆ. ನಮ್ಮಲ್ಲಿಯೂ ಗುರ್ಚಿಯನ್ನು ನಂಬಿ ಬಿತ್ತನೆಯ ಕೆಲಸ ಬಿಟ್ಟ ಒಕ್ಕಲಿಗನಿಲ್ಲ. ಮಳೆ ಬರಲಿ ಬಾರದಿರಲಿ, ಬರದ ವರ್ಷದಲ್ಲಿ ಯಾರ ಮನೆಯ ಮೊರ ತುಂಬಿತ್ತು, ಯಾರದು ಬರಿದಾಗಿತ್ತು ಎಂಬುದು ಒಂದೇ ಸುತ್ತಿನಲ್ಲಿ ಊರಿಗೆ ತಿಳಿಯುತ್ತದೆ. ಕೂಡಿದ ಹಿಟ್ಟನ್ನು ಒಟ್ಟಿಗೆ ಬೇಯಿಸಿ ಉಣ್ಣುತ್ತಾರೆ. ಆ ಊಟ ತಪ್ಪು ತರ್ಕದ ಫಲವಲ್ಲ.

೬

ಕನ್ನಡದ ಕವಿಗಳು ಇವನ್ನೆಲ್ಲ ಕಣ್ಣುಮುಚ್ಚಿ ಒಪ್ಪಿದವರಲ್ಲ. ಕಲ್ಲು ನಾಗರಕ್ಕೆ ಹಾಲೆರೆದು ದಿಟದ ನಾಗರವನ್ನು ಕೊಲ್ಲೆನ್ನುವ ಭಕ್ತಿಯ ವೈರುಧ್ಯವನ್ನು ಹನ್ನೆರಡನೆಯ ಶತಮಾನದಲ್ಲೇ ಬಸವಣ್ಣನವರು ಎತ್ತಿ ತೋರಿಸಿದರು. ೧೨೦೯ರಲ್ಲಿ ‘ಯಶೋಧರ ಚರಿತೆ’ಯನ್ನು ಬರೆದ ಜನ್ನನು ಇನ್ನೂ ಆಳಕ್ಕೆ ಇಳಿದನು. ಪ್ರಾಣಿಬಲಿಗೆ ಒಪ್ಪದ ಯಶೋಧರ ತಾಯಿಯ ಒತ್ತಾಯಕ್ಕೆ ಮಣಿದು ಹಿಟ್ಟಿನ ಕೋಳಿಯನ್ನು ಮಾರಿಗೆ ಒಪ್ಪಿಸುತ್ತಾನೆ. ಕತ್ತಿ ತಾಗಿದಾಗ ಆ ಹಿಟ್ಟಿನ ಕೋಳಿ ಕೂಗುತ್ತದೆ. ಅಲ್ಲಿಂದ ತಾಯಿಮಕ್ಕಳ ಜನ್ಮಾಂತರದ ಸಂಕಟ. ಕೊಲ್ಲುವ ಸಂಕಲ್ಪವಿದ್ದರೆ ಹಿಟ್ಟೂ ಜೀವವೇ ಎಂಬುದು ಜನ್ನನ ತೀರ್ಪು.

ನಮ್ಮ ಕಾಲಕ್ಕೆ ಬಂದರೆ ಚಂದ್ರಶೇಖರ ಕಂಬಾರರ ‘ಜೋಕುಮಾರಸ್ವಾಮಿ’ (೧೯೭೨) ನಾಟಕವಿದೆ. ಭಾದ್ರಪದದಲ್ಲಿ ಹುಟ್ಟಿ ಏಳು ದಿನ ಬಾಳಿ ಸಾಯುವ ಜೋಕುಮಾರನ ಆಚರಣೆಯೇ ಅದರ ಬೀಜ. ಗೌಡನಿಗಾಗಿ ಗೌಡತಿ ಮಾಡಿದ ಜೋಕುಮಾರನ ಪಲ್ಯ ಬಸಣ್ಣನ ಪಾಲಾಗುತ್ತದೆ. ಎಂಬತ್ತರ ದಶಕದ ಕೊನೆಗೆ ಬ�ಂದ ಗಿರೀಶ ಕಾರ್ನಾಡರ ‘ನಾಗಮಂಡಲ’ದಲ್ಲಿ ಕುರುಡವ್ವ ಕೊಟ್ಟ ವಶೀಕರಣದ ಬೇರು ಗಂಡನ ಹೊಟ್ಟೆಗೆ ಸೇರದೆ ಹುತ್ತಕ್ಕೆ ಸೇರುತ್ತದೆ, ಒಲಿದು ಬರುವವನು ನಾಗ. ಈ ಮೂರು ಕೃತಿಗಳನ್ನು ಸಾಲಾಗಿ ಇಟ್ಟು ನೋಡಿದರೆ ಒಂದು ಸಾಮ್ಯ ಕಾಣುತ್ತದೆ. ಮೂರರಲ್ಲಿಯೂ ಮಂತ್ರ ಸುಳ್ಳಾಗುವುದಿಲ್ಲ. ಬೇಡಿದ್ದಕ್ಕಿಂತ ಹೆಚ್ಚಾಗಿ, ಬೇಡದ ಕಡೆಗೆ ಫಲಿಸಿಬಿಡುತ್ತದೆ. ಮಂತ್ರ ಕೈಕೊಟ್ಟೀತೆಂಬುದು ಮಾಟಗಾರನ ಭಯ. ಆಡಿದ ಮಾತು ಆಡಿದವನ ಹಿಡಿತ ಮೀರೀತೆಂಬುದು ಕವಿಯ ಭಯ. ಸಾಹಿತ್ಯ ಮಂತ್ರದಿಂದ ಕಲಿತದ್ದೂ ಮಂತ್ರಕ್ಕೆ ಕಲಿಸಬೇಕಾದದ್ದೂ ಇದೇ.

೭

ಈಗ ಒರೆಗಲ್ಲಿನ ಮಾತು. ಮಂತ್ರವನ್ನು ಸಾಹಿತ್ಯವೆಂದು ಓದಿದರೆ ಮಾಟಮದ್ದಿನ ಕ್ರೌರ್ಯಕ್ಕೂ ಕಾವ್ಯದ ಹೊದಿಕೆ ಹೊದಿಸಿದಂತಾಗುವುದಿಲ್ಲವೆ ಎಂದು ಕೇಳುವವರುಂಟು. ಕೇಳಬೇಕಾದ ಪ್ರಶ್ನೆಯೇ ಅದು. ನಮ್ಮ ಉತ್ತರ ಇಷ್ಟು: ಒಳ್ಳೆಯ ಮನೆಮಂತ್ರ ತನ್ನ ಭಾರವನ್ನು ಇನ್ನೊಬ್ಬರ ತಲೆಯ ಮೇಲೆ ಇಡುವುದಿಲ್ಲ. ಅದು ಉಪ್ಪಿನ ಮೇಲೆ, ಬೆಂಕಿಯ ಮೇಲೆ, ನಾಳೆಯ ಮೇಲೆ, ಹೆಚ್ಚೆಂದರೆ ಆಡುವವಳ ಮೇಲೆ ಇಡುತ್ತದೆ. ಕೆಟ್ಟ ಮಂತ್ರ ಒಂದು ಹೆಸರನ್ನು ಹುಡುಕುತ್ತದೆ. ಬಾಣಾಮತಿಯ ಗುಲ್ಲೆದ್ದಾಗ ‘ಮಾಡಿಸಿದವಳು ಇಂಥವಳು’ ಎಂದು ಬೆರಳು ತೋರುವವನ ಮಾತಿಗೂ, ತಾಯಿಯ ಪಟ್ಟಿಗೂ ಇರುವ ಅಂತರ ನಂಬಿಕೆಯ ಪ್ರಮಾಣದ್ದಲ್ಲ, ವಾಕ್ಯರಚನೆಯದು. ಒಂದರಲ್ಲಿ ಬಹುವಚನ, ಇನ್ನೊಂದರಲ್ಲಿ ಏಕವಚನ. ಆ ಏಕವಚನಕ್ಕೆ ಸಿಕ್ಕವಳು ಬಹುಮಟ್ಟಿಗೆ ವಿಧವೆಯೋ ಬಡವೆಯೋ ಒಂಟಿಯೋ ಆಗಿರುತ್ತಾಳೆ.

ಕಾನೂನು ಕೂಡ ಇಂಥದೇ ಗೆರೆ ಎಳೆಯಲು ಯತ್ನಿಸಿದೆ. ಕರ್ನಾಟಕದ ವಿಧಾನಮಂಡಲ ೨೦೧೭ರಲ್ಲಿ ಅಂಗೀಕರಿಸಿ ೨೦೨೦ರಲ್ಲಿ ಜಾರಿಗೆ ಬಂದ ವಾಮಾಚಾರ ಪ್ರತಿಬಂಧದ ಅಧಿನಿಯಮ, ಮಾನವಘನತೆಗೂ ಜೀವಕ್ಕೂ ಕೇಡಾಗುವ ಆಚರಣೆಗಳನ್ನು ನಿಷೇಧಿಸಿ, ಪ್ರದಕ್ಷಿಣೆ, ಯಾತ್ರೆ, ಹರಿಕಥೆ, ಭಜನೆ ಮುಂತಾದವನ್ನು ಹೊರಗಿರಿಸಿತು. ಅದಕ್ಕೂ ಮೊದಲು, ೧೯೭೬ರಲ್ಲಿ, ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಗಳಾಗಿದ್ದ ಎಚ್. ನರಸಿಂಹಯ್ಯನವರು ಪವಾಡಗಳನ್ನೂ ಪರೀಕ್ಷೆಗೆ ಒಳಪಡಬಲ್ಲ ಮೂಢನಂಬಿಕೆಗಳನ್ನೂ ವಿಚಾರಿಸಲು ಒಂದು ಸಮಿತಿಯನ್ನೇ ರಚಿಸಿದ್ದರು. ಪ್ರಶ್ನೆ ಮಾಡದೆ ಒಪ್ಪಬೇಡಿರೆಂಬ ಅವರ ಬೋಧೆಗೆ ನಮ್ಮ ವಾದ ವಿರೋಧವಲ್ಲ. ಪ್ರಶ್ನಿಸಬೇಕಾದರೆ ಮೊದಲು ಕಿವಿಗೊಟ್ಟು ಕೇಳಬೇಕು ಎಂದಷ್ಟೇ ನಾವು ಸೇರಿಸುತ್ತೇವೆ.

ಎಲ್ಲಿ ಕಿವಿಗೊಡಬಾರದು ಎಂಬುದನ್ನೂ ನೇರವಾಗಿ ಹೇಳಿಬಿಡಬೇಕು. ಹಾವನ್ನು ‘ಹುಳ’ ಎನ್ನುವುದು ಇರುಳಿನ ಭಯಕ್ಕೆ ಸಾಕಾದ ಮಾತು. ಹಾವಿನ ವಿಷಕ್ಕೆ ಅದು ಸಾಲದು. ಕಚ್ಚಿದ ಮೇಲೆ ಮಂತ್ರ ಹಾಕಿಸಲು ಕಳೆಯುವ ಗಳಿಗೆಗಳು ಪ್ರಾಣದ ಗಳಿಗೆಗಳು. ಪ್ರತಿವಿಷದ ಚುಚ್ಚುಮದ್ದು ಇರುವ ಆಸ್ಪತ್ರೆಯೇ ಅದಕ್ಕೆ ದಾರಿ. ಹೊಲಕ್ಕೆ ಹೋಗುವ ನಮ್ಮ ವಿದ್ಯಾರ್ಥಿಗಳು ಇದನ್ನು ಪದ್ಯಕ್ಕಿಂತ ಮೊದಲು ಕಂಠಪಾಠ ಮಾಡಬೇಕು. ಮಗುವಿನ ಮೈ ಸುಡುತ್ತಿದ್ದರೂ ಹಾಗೆಯೇ: ಉಪ್ಪು ಸಿಡಿದ ಮೇಲೂ ಜ್ವರ ಇಳಿಯದಿದ್ದರೆ ಬೆಳಗಾಗುವವರೆಗೆ ಕಾಯಬಾರದು.

೮

ಇಷ್ಟಾದ ಮೇಲೆ, ಗಡಿಯ ಕನ್ನಡ ಶಾಲೆಗಳಿಗೆ ಇದರಿಂದ ಏನು ಪ್ರಯೋಜನ? ಮಕ್ಕಳು ಮನೆಯಲ್ಲಿ ಒಂದು ಭಾಷೆ, ಬಸ್ಸಿನ ಹಲಗೆಯಲ್ಲಿ ಇನ್ನೊಂದು, ಮುಂದಿನ ಓದಿಗೆ ಮತ್ತೊಂದು ಎಂದು ಹಂಚಿಹೋಗುತ್ತಿರುವ ನೆಲ ಇದು. ಭಾಷೆ ಹಿಂದೆ ಸರಿಯುವಾಗ ದೊಡ್ಡ ಗ್ರಂಥಗಳು ಮೊದಲು ಕಳೆದುಹೋಗುವುದಿಲ್ಲ. ಅವು ಗ್ರಂಥಾಲಯಗಳಲ್ಲಿ ಸುರಕ್ಷಿತವಾಗಿವೆ. ಮೊದಲು ಹೋಗುವುದು ಒಲೆಯ ಮುಂದಿನ ಮಾತು. ಅದಕ್ಕೆ ಪ್ರತಿಯಿಲ್ಲ, ಕರ್ತೃವಿನ ಹೆಸರಿಲ್ಲ, ಮರುಮುದ್ರಣವಿಲ್ಲ. ದೃಷ್ಟಿ ತೆಗೆಯುವ ಅಜ್ಜಿ ತೀರಿಕೊಂಡರೆ ಆ ಮನೆಯ ಪಟ್ಟಿ ಅಲ್ಲಿಗೆ ಮುಗಿಯಿತು. ಉಪ್ಪನ್ನು ಸೊಸೆ ನಿವಾಳಿಸಿಯಾಳು. ಬಾಯಿಗೆ ಪದ ಬಾರದು.

ಆದುದರಿಂದ ಉಪಾಧ್ಯಾಯ ಮಿತ್ರರಲ್ಲಿ ನಮ್ಮ ಸೂಚನೆ ಇದು. ಒಂದು ರಜೆಯಲ್ಲಿ ಪ್ರತಿಯೊಬ್ಬ ವಿದ್ಯಾರ್ಥಿಯೂ ತನ್ನ ಮನೆಯಲ್ಲಿ ಆಡುವ ಇಂಥ ಐದು ಮಾತುಗಳನ್ನು, ಆಡಿದವರ ಬಾಯಲ್ಲಿ ಬಂದಂತೆಯೇ, ತಿದ್ದದೆ ಬರೆದು ತರಲಿ. ಯಾರು ಆಡುತ್ತಾರೆ, ಯಾವಾಗ, ಯಾರನ್ನು ಕುರಿತು, ಯಾವ ಪದವನ್ನು ತಪ್ಪಿಸಿ ಯಾವ ಪದವನ್ನು ಇಟ್ಟರು ಎಂಬುದನ್ನು ಪಕ್ಕದಲ್ಲಿ ಗುರುತಿಸಲಿ. ತೆಲುಗು ಬೆರೆತಿದ್ದರೆ ಬೆರೆತಂತೆಯೇ ಇರಲಿ. ಗಡಿಯ ಬಾಯಿಗೆ ಅದೇ ಸಹಜ. ಕನ್ನಡದ ತರಗತಿಯಲ್ಲಿ ಅವುಗಳ ಕಟ್ಟಡವನ್ನು ಓದಲಿ. ವಿಜ್ಞಾನದ ತರಗತಿಯಲ್ಲಿ ಉಪ್ಪು ಏಕೆ ಸಿಡಿಯಿತೆಂದು ನೋಡಲಿ. ಎರಡೂ ತರಗತಿಗಳು ಒಂದೇ ಶಾಲೆಯಲ್ಲಿ ನಡೆಯಬಲ್ಲವು. ಒಂದೇ ಮಗುವಿನ ತಲೆಯಲ್ಲಿಯೂ ನಡೆಯಬಲ್ಲವು.

ಬರೆದು ತಂದವುಗಳಲ್ಲಿ ಯಾರದೋ ಹೆಸರು ಹಿಡಿದು ಕೇಡು ಬಯಸುವ ಮಾತು ಒಂದಿದ್ದರೆ ಅದನ್ನು ಮುಚ್ಚಿಡಬೇಕಾಗಿಲ್ಲ. ತಾಯಿಯ ಪಟ್ಟಿಯ ಪಕ್ಕದಲ್ಲಿಟ್ಟು, ಎರಡರಲ್ಲಿ ಯಾವುದನ್ನು ತಮ್ಮ ಮಕ್ಕಳಿಗೆ ಕಲಿಸುವಿರೆಂದು ವಿದ್ಯಾರ್ಥಿಗಳನ್ನೇ ಕೇಳಬೇಕು. ಅವರು ಕೊಡುವ ಉತ್ತರವೇ ವಿಮರ್ಶೆಯ ಮೊದಲ ಪಾಠವಾಗುವುದು.